ಸಿವಿಲ್ ಮುಗಿಸಿದವರು ಬೆಂಗಳೂರಿನಲ್ಲಿ ಟ್ರಾಫಿಕ್ ಎಂಜಿನಿಯರಿಂಗ್ ಓದಬಹುದಾ? ಜಂಕ್ಷನ್ ಡಿಸೈನ್ ಅಂದರೆ ಏನು ಕಲಿಸುತ್ತಾರೆ?

ಖಂಡಿತ ಓದಬಹುದು. ಬಿಇಯಲ್ಲಿ ಇದು ಒಂದೆರಡು ಪೇಪರ್ ಅಷ್ಟೇ, ನಿಜವಾದ ಓದು ಎಂಟೆಕ್‌ನಲ್ಲಿ. ಐಐಎಸ್‌ಸಿಯ ಸಿವಿಲ್ ವಿಭಾಗದಲ್ಲಿ ಸಾರಿಗೆ ಎಂಜಿನಿಯರಿಂಗ್ ಇದೆ, ಅದಕ್ಕೆ ಗೇಟ್ ಪರೀಕ್ಷೆಯ ಸ್ಕೋರ್ ಬೇಕು. ಆರ್‌ವಿ ಕಾಲೇಜಿನಲ್ಲಿ ಹೈವೇ ಟೆಕ್ನಾಲಜಿ ಇದೆ.

ಜಂಕ್ಷನ್ ಪಾಠ ಶುರುವಾಗುವುದು ಎಣಿಕೆಯಿಂದ. ನಾಲ್ಕು ದಾರಿ ಸೇರುವ ಸಾಮಾನ್ಯ ಜಂಕ್ಷನ್‌ನಲ್ಲಿ ವಾಹನಗಳು ಒಂದಕ್ಕೊಂದು ಅಡ್ಡ ಬರಬಹುದಾದ ಜಾಗ 32. ಟಿ ಜಂಕ್ಷನ್‌ನಲ್ಲಿ ಬರೀ 9. ಸಿಗ್ನಲ್ ಹಾಕುವುದೇ ಈ ಜಗಳ ಬಿಡಿಸೋಕೆ.

ಆಮೇಲೆ ಬರುತ್ತದೆ 1958ರ ವೆಬ್‌ಸ್ಟರ್ ಸೂತ್ರ. ಸಿಗ್ನಲ್‌ನ ಒಂದು ಪೂರ್ತಿ ಸುತ್ತು ಎಷ್ಟು ಸೆಕೆಂಡ್ ಇರಬೇಕು ಅಂತ ಅದು ಹೇಳುತ್ತದೆ. ಪ್ರತಿ ಸುತ್ತಿನಲ್ಲಿ ಸುಮ್ನೆ ಕಳೆದುಹೋಗುವ ಸಮಯದ ಒಂದೂವರೆ ಪಟ್ಟಿಗೆ 5 ಕೂಡಿಸಿ, 1ರಿಂದ ಟ್ರಾಫಿಕ್ ಒತ್ತಡ (ಜಂಕ್ಷನ್ ತಾಳಬಲ್ಲ ಗಾಡಿಗಳಿಗೆ ಹೋಲಿಸಿದರೆ ಬರುವ ಗಾಡಿಗಳ ಪಾಲು) ಕಳೆದು, ಅದರಿಂದ ಭಾಗಿಸಬೇಕು. 10 ಸೆಕೆಂಡ್ ಕಳೆದುಹೋಗುತ್ತದೆ, ಒತ್ತಡ 0.75 ಅಂದುಕೊಳ್ಳಿ: 20 ಭಾಗಿಸು 0.25, ಅಂದರೆ 80 ಸೆಕೆಂಡ್. ಒತ್ತಡ 0.9 ಆದರೆ? 200 ಸೆಕೆಂಡ್! ಗಾಡಿ ಸ್ವಲ್ಪ ಜಾಸ್ತಿಯಾದರೂ ಕಾಯುವುದು ಯಾಕೆ ಅಷ್ಟೊಂದು ಏರುತ್ತದೆ ಅಂತ ಈಗ ಗೊತ್ತಾಯಿತು ಅಲ್ವಾ? ಒತ್ತಡ 1 ಮುಟ್ಟಿದರೆ ಸೂತ್ರವೇ ಕೈ ಎತ್ತಿಬಿಡುತ್ತದೆ.

ಒಂದು ತೊಡಕಿದೆ. ಈ ಲೆಕ್ಕ ಹುಟ್ಟಿದ್ದು ಲೇನ್ ಪಾಲಿಸುವ ಬ್ರಿಟನ್ನಿನಲ್ಲಿ. ನಮ್ಮಲ್ಲಿ ಬೈಕುಗಳು ಸಂದಿಯಲ್ಲಿ ನುಸುಳಿ ಸ್ಟಾಪ್ ಲೈನ್ ದಾಟಿ ನಿಲ್ಲುತ್ತವೆ. ಅದಕ್ಕೇ ಬಸ್ಸು, ಆಟೋ, ಬೈಕು ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಬದಲಿಸಿಕೊಳ್ಳುತ್ತಾರೆ, ಅದನ್ನು ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಅನ್ನುತ್ತಾರೆ. ನನ್ನ ಪ್ರಕಾರ ಕೋರ್ಸಿನಲ್ಲಿ ಅತಿ ಮಜವಾದ ಭಾಗ ಇದೇ. ಸೇರುವ ಮೊದಲು ಒಂದು ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ನಿಂತು ಹತ್ತು ನಿಮಿಷ ಗಾಡಿ ಎಣಿಸಿ ನೋಡಿ. ಬೇಜಾರಾಗದಿದ್ದರೆ ಅರ್ಜಿ ಹಾಕಿ.