ಹಂಟರ್ ತಗೊಳ್ಳಲೋ, ವಾರಿಯರ್ ತಗೊಳ್ಳಲೋ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನುವ ಆನ್‌ಲೈನ್ ಆಟ ಮೊದಲ ಸಲ ಆಡುತ್ತಿದ್ದೀರಿ, ದಿನಕ್ಕೆ ಸಿಗೋದು ಒಂದೇ ಗಂಟೆ, ಜೊತೆಗೆ ಯಾರೂ ಇಲ್ಲ, ಪಾತ್ರಗಳಲ್ಲಿ ಸುಲಭದ ಹಂಟರ್ ತಗೊಳ್ಳಲೋ ಕಷ್ಟದ ವಾರಿಯರ್ ತಗೊಳ್ಳಲೋ ಅಂತ ಕೇಳಿದ್ದೀರಿ. ಹಂಟರ್ ತಗೊಳ್ಳಿ.

2019ರಲ್ಲಿ ಕ್ಲಾಸಿಕ್ ಶುರುವಾದಾಗ ನಾನು ವಾರಿಯರ್ ಮಾಡಿಕೊಂಡಿದ್ದೆ. ಎಲ್ವಿನ್ ಕಾಡಿನ ಕ್ರಿಸ್ಟಲ್ ಲೇಕ್ ದಡದಲ್ಲಿ ಮರ್ಲಾಕ್ ಅನ್ನುವ ಒಂದು ಮೀನುಮುಖದ ಪ್ರಾಣಿಯ ಮೇಲೆ ಬಿದ್ದೆ. ಇನ್ನೇನು ಸಾಯಬೇಕು ಅನ್ನುವಾಗ ಅದು ಓಡಿಹೋಗಿ ಇನ್ನೆರಡನ್ನು ಕರೆತಂತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ವಾರಿಯರ್‌ಗೆ ತನ್ನ ಗಾಯ ತಾನೇ ವಾಸಿ ಮಾಡಿಕೊಳ್ಳುವ ಮಂತ್ರ ಇಲ್ಲ. ಅವನ ಹೊಡೆತಗಳಿಗೆ ಬೇಕಾದ ಶಕ್ತಿ, ಅಂದರೆ ರೇಜ್, ಹೆಚ್ಚಾಗಿ ಹೊಡೆದಾಗ, ಏಟು ತಿಂದಾಗಲೇ ಏರುತ್ತದೆ. ಪ್ರತಿ ಜಗಳದ ಮೇಲೂ ಕೂತು ಬ್ರೆಡ್ ತಿನ್ನಬೇಕು. ಆಯುಧ ಹಳೆಯದಾದರೆ ಇನ್ನೂ ನಿಧಾನ. ಸತ್ತರೆ ಸ್ಮಶಾನದಿಂದ ದೆವ್ವವಾಗಿ ನಡೆದು ಹೆಣ ಹುಡುಕಬೇಕು. ಇರೋ ಒಂದು ಗಂಟೆ ಇದಕ್ಕೇ ಹೋದರೆ ಬೇಜಾರಾಗುತ್ತೆ ಅಲ್ವಾ?

ಹಂಟರ್‌ಗೆ 10ನೇ ಲೆವೆಲ್‌ನಲ್ಲಿ ಪೆಟ್, ಅಂದರೆ ಪಳಗಿಸಿದ ಪ್ರಾಣಿ, ಸಿಗುತ್ತದೆ. ಏಟೆಲ್ಲ ಅದು ತಿನ್ನುತ್ತದೆ, ನೀವು ದೂರ ನಿಂತು ಬಾಣ ಬಿಡುತ್ತೀರಿ. 30ಕ್ಕೆ ಫೇನ್ ಡೆತ್ ಬರುತ್ತದೆ, ಸತ್ತಂತೆ ಬಿದ್ದು ಜೀವ ಉಳಿಸಿಕೊಳ್ಳಬಹುದು.

ಆದರೆ ಇದು ಒಬ್ಬರೇ ಆಡುವಾಗಿನ ಸುಲಭ. ಆಮೇಲೆ ನಾನೂ ಹಂಟರ್ ಮಾಡಿಕೊಂಡೆ. ಐದು ಜನರ ಗುಂಪಾಗಿ ನುಗ್ಗುವ ನೋಮರೆಗನ್‌ನಲ್ಲಿ ಐದೂ ಜನ ಮೇಲಿಂದ ಕೆಳಗೆ ಹಾರಿದೆವು. ನನ್ನ ಪೆಟ್ ಹಾರಲಿಲ್ಲ. ಸುತ್ತುದಾರಿಯಲ್ಲಿ ಓಡಿಬಂದು, ದಾರಿಯಲ್ಲಿದ್ದ ಶತ್ರುಗಳನ್ನೆಲ್ಲ ನಮ್ಮ ಮೇಲೆ ತಂದಿತು. ಎಲ್ಲರೂ ಸತ್ತರು. ಹಾರುವ ಮೊದಲು ಡಿಸ್‌ಮಿಸ್ ಪೆಟ್ ಒತ್ತಬೇಕಿತ್ತು, ನಾನು ಒತ್ತಿರಲಿಲ್ಲ. ಪೆಟ್ ಶತ್ರುವನ್ನು ತನ್ನ ಕಡೆ ಸೆಳೆಯುವ ಗ್ರೌಲ್ ಕೂಡ ಹಾಗೇ. ಗುಂಪಿನಲ್ಲಿ ಟ್ಯಾಂಕ್ (ಏಟೆಲ್ಲ ತಾನೇ ತಿನ್ನುವ ಆಟಗಾರ) ಇದ್ದಾಗ ಅದನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಶತ್ರು ಟ್ಯಾಂಕ್ ಬಿಟ್ಟು ನಿಮ್ಮ ಪೆಟ್ ಕಡೆ ತಿರುಗುತ್ತಾನೆ. ಶತ್ರು ತೀರಾ ಹತ್ತಿರವೂ ಅಲ್ಲ, ದೂರವೂ ಅಲ್ಲ ಅನ್ನುವ ಒಂದು ಸಣ್ಣ ಅಂತರದಲ್ಲಿ ಬಾಣವೂ ಹೊಡೆಯಲಾಗದು, ಕತ್ತಿಯೂ ತಾಗದು. ಅಲ್ಲಿಂದ ಹಿಂದೆ ಸರಿಯೋದನ್ನು ಮೊದಲೇ ರೂಢಿ ಮಾಡಿಕೊಳ್ಳಿ.

ಗಾಯ ವಾಸಿ ಮಾಡುವ ಪ್ರೀಸ್ಟ್ ಆಡುವ ಗೆಳೆಯ ದಿನಾ ಜೊತೆಗಿದ್ದರೆ ನಾನು ವಾರಿಯರ್ ಅಂತಲೇ ಹೇಳುತ್ತಿದ್ದೆ. ಹಿಂದೆ ಹೀಲರ್ ಇದ್ದರೆ ವಾರಿಯರ್ ಬೇರೆಯೇ ಆಟ.

ಆಟದ ಎರಡು ಬಣಗಳಲ್ಲಿ ಅಲಯನ್ಸ್ ಕಡೆ ಮನುಷ್ಯರಿಗೆ ಹಂಟರ್ ಸಿಗಲ್ಲ, ಡ್ವಾರ್ಫ್ ಅಥವಾ ನೈಟ್ ಎಲ್ಫ್ ಆರಿಸಿ. 10 ಆಗುವವರೆಗೆ ಪೆಟ್ ಇರಲ್ಲ, ಅಷ್ಟು ದಿನ ತಾಳಿಕೊಳ್ಳಿ. ಚೀಲದಲ್ಲಿ ಬಾಣ ಜಾಸ್ತಿ ಇಟ್ಟುಕೊಳ್ಳಿ, ಪೆಟ್‌ಗೆ ಹೊತ್ತುಹೊತ್ತಿಗೆ ಊಟ ಹಾಕಿ.