ವಾಹನ ಪ್ರಶ್ನೋತ್ತರ: ಕಾರು ತಗ್ಗಿಸಿದರೆ ಬ್ರೇಕಿಗೂ ಇಎಸ್‌ಪಿಗೂ ಏನಾಗುತ್ತದೆ?

ಪ್ರಶ್ನೆ: ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದೇನೆ. ಮೊದಲ ತಲೆಮಾರಿನ ಆಡಿ ಟಿಟಿ ಕ್ವಾಟ್ರೋ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಅದನ್ನು 25 ಮಿ.ಮೀ. ತಗ್ಗಿಸುವ ಸ್ಪ್ರಿಂಗ್‌ಗಳನ್ನು ಹಾಕಿಸುವ ಯೋಚನೆಯಲ್ಲಿದ್ದೇನೆ. ಹಾಗೆ ಮಾಡಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಇಎಸ್‌ಪಿ (ಕಾರು ಜಾರಿದಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಸ್ಥಿರವಾಗಿಡುವ ವ್ಯವಸ್ಥೆ) ಲೆಕ್ಕ ತಪ್ಪಿ ಬೇಡದ ಕಡೆ ಬ್ರೇಕ್ ಹಾಕುತ್ತದೆ ಎಂದು ಸ್ನೇಹಿತರು ಹೆದರಿಸುತ್ತಾರೆ. ಇದು ನಿಜವೇ?
– ಒಬ್ಬ ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಬ್ರೇಕಿನ ವಿಷಯದಲ್ಲಿ ನಿಮ್ಮ ಸ್ನೇಹಿತರ ಹೆದರಿಕೆಗೆ ಹೆಚ್ಚು ಆಧಾರವಿಲ್ಲ, ಇಎಸ್‌ಪಿಯ ವಿಷಯದಲ್ಲಿ ಆಧಾರವಿದೆ, ಆದರೆ ಅವರು ಹೇಳುವ ಕಾರಣ ಸರಿಯಲ್ಲ.

ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳ ಮೇಲಿನ ಭಾರದ ಒಂದು ಪಾಲು ಮುಂದಿನ ಚಕ್ರಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದು ಕಾರಿನ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೆಷ್ಟು ಎಂಬುದನ್ನು ಅವಲಂಬಿಸಿದೆ. ನಿಮ್ಮ ಕಾರಿನಲ್ಲಿ ಆ ಅಂತರ ಸುಮಾರು 2.42 ಮೀಟರ್. ಚಾಲಕರೂ ಸೇರಿ ತೂಕ 1,450 ಕೆ.ಜಿ., ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್ ಎಂದು ಹಿಡಿದರೆ, ಒಣ ರಸ್ತೆಯಲ್ಲಿ ಪೂರ್ತಿ ಬ್ರೇಕ್ ಹಾಕಿದಾಗ ಸುಮಾರು 300 ಕೆ.ಜಿ. ಭಾರ ಮುಂದಕ್ಕೆ ಸರಿಯುತ್ತದೆ. ಕಾರನ್ನು 25 ಮಿ.ಮೀ. ತಗ್ಗಿಸಿದರೆ ಅದು 285 ಕೆ.ಜಿ.ಯಷ್ಟಾಗುತ್ತದೆ. ಈ 15 ಕೆ.ಜಿ. ವ್ಯತ್ಯಾಸ ನಿಮ್ಮ ಅನುಕೂಲಕ್ಕೇ ಇದೆ, ಏಕೆಂದರೆ ಹಿಂದಿನ ಚಕ್ರಗಳು ತುಸು ಹೆಚ್ಚು ಕೆಲಸ ಮಾಡಬಲ್ಲವು. ಆದರೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಟೈರಿನ ಹಿಡಿತ. ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ಆ ದೂರ ಗಮನಾರ್ಹವಾಗಿ ಕಡಿಮೆಯಾಗುವುದೂ ಇಲ್ಲ.

ಸ್ನೇಹಿತರ ಮಾತಿನ ಮೂಲ ಬಹುಶಃ ಹಳೆಯ ಕಾರುಗಳಲ್ಲಿದೆ. ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಜೋಡಿಸಿದ ಒಂದು ವಾಲ್ವ್ ಇರುತ್ತಿತ್ತು. ಹಿಂಭಾಗ ಕುಸಿದರೆ ಕಾರಿನಲ್ಲಿ ಹೊರೆಯಿದೆಯೆಂದು ತಿಳಿದು, ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತಿತ್ತು. ಅಂಥ ಕಾರನ್ನು ತಗ್ಗಿಸಿ ವಾಲ್ವನ್ನು ಹೊಂದಿಸದೆ ಬಿಟ್ಟರೆ ಖಾಲಿ ಕಾರಿನಲ್ಲೂ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ (ಉರುಳದೆ ಬಿಗಿದು ನಿಂತು) ಕಾರು ಅಡ್ಡ ತಿರುಗುವ ಅಪಾಯ ನಿಜವಾಗಿಯೂ ಇತ್ತು. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಜೊತೆಗೆ ಇಬಿಡಿ (ಮುಂದಿನ, ಹಿಂದಿನ ಬ್ರೇಕುಗಳಿಗೆ ಒತ್ತಡ ಹಂಚುವ ವ್ಯವಸ್ಥೆ) ಇರುವ ಕಾರಿನಲ್ಲಿ ಈ ಹಂಚಿಕೆಯನ್ನು ಚಕ್ರಗಳ ವೇಗ ನೋಡಿ ಮಾಡಲಾಗುತ್ತದೆಯೇ ಹೊರತು ಎತ್ತರ ನೋಡಿ ಅಲ್ಲ. ಒಂದು ಎಚ್ಚರಿಕೆ ಮಾತ್ರ ಉಳಿಯುತ್ತದೆ: ಸ್ಪ್ರಿಂಗ್ ಅತಿ ಗಡುಸಾಗಿ ಶಾಕ್ ಅಬ್ಸಾರ್ಬರ್ ಹಳತಾಗಿದ್ದರೆ, ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ಕುಣಿಯುತ್ತದೆ, ನೆಲದ ಹಿಡಿತ ಕಳೆದುಕೊಂಡ ಕ್ಷಣದಲ್ಲಿ ಅದು ಲಾಕ್ ಆಗುತ್ತಿದೆಯೆಂದು ಎಬಿಎಸ್ ಒತ್ತಡವನ್ನು ಸಡಿಲಿಸುತ್ತದೆ, ಕಾರು ನಿಲ್ಲುವ ದೂರ ಹೆಚ್ಚುತ್ತದೆ.

ಇನ್ನು ಇಎಸ್‌ಪಿ. ಸ್ಟಿಯರಿಂಗ್ ಎಷ್ಟು ತಿರುಗಿದೆ, ಪ್ರತಿ ಚಕ್ರದ ವೇಗವೆಷ್ಟು ಎಂಬುದರಿಂದ ಅದು ಕಾರು ಎಷ್ಟು ವೇಗವಾಗಿ ತಿರುಗಬೇಕಿತ್ತೆಂದು ಲೆಕ್ಕ ಹಾಕಿ, ನಿಜವಾಗಿ ಎಷ್ಟು ತಿರುಗುತ್ತಿದೆಯೆಂದು ಸೆನ್ಸರ್‌ಗಳು ಹೇಳುವುದರೊಂದಿಗೆ ಹೋಲಿಸುತ್ತದೆ. ಹಿಂಭಾಗ ಹೊರಕ್ಕೆ ಜಾರಿದರೆ ಮುಂದಿನ ಹೊರಚಕ್ರಕ್ಕೂ, ಮೂತಿ ತಿರುಗದೆ ನೇರ ಹೋದರೆ ಹಿಂದಿನ ಒಳಚಕ್ರಕ್ಕೂ ಬ್ರೇಕ್ ಹಾಕುತ್ತದೆ. ಈ ಲೆಕ್ಕದಲ್ಲಿ ಎತ್ತರ ಎಲ್ಲಿಯೂ ನೇರವಾಗಿ ಬರುವುದಿಲ್ಲ. ತೊಂದರೆ ಬರುವುದು ಎತ್ತರದ ಬೆನ್ನಿಗೇ ಬದಲಾಗುವ ಇತರ ಸಂಗತಿಗಳಿಂದ.

ಮೊದಲನೆಯದು ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಕುಸಿದು ಬಡಿಯದಂತೆ ತಡೆಯುವ ಭಾಗ. ಶಾಕ್ ಅಬ್ಸಾರ್ಬರ್ ದಂಡದ ಮೇಲೆ, ಧೂಳುಗವಚದ ಒಳಗೆ ಕೂತ ಈ ರಬ್ಬರಿನಂಥ ತುಂಡಿಗೂ ಶಾಕ್ ಅಬ್ಸಾರ್ಬರಿನ ತಲೆಗೂ ನಡುವೆ ಇದ್ದ ಜಾಗ ತಗ್ಗಿಸಿದ ಕಾರಿನಲ್ಲಿ ಕಿರಿದಾಗುತ್ತದೆ. ತಿರುವಿನಲ್ಲಿ ಕಾರು ವಾಲಿ, ಹೊರಚಕ್ರದ ಬಂಪ್ ಸ್ಟಾಪ್ ಒಮ್ಮೆಗೇ ಬಿಗಿಯಾಗಿ ಅದುಮಿತೆಂದರೆ, ಆ ಮೂಲೆಯಲ್ಲಿ ಸ್ಪ್ರಿಂಗ್ ಇದ್ದಕ್ಕಿದ್ದಂತೆ ಹಲವು ಪಟ್ಟು ಗಡುಸಾದಂತೆ. ಟೈರು ಮುನ್ಸೂಚನೆಯಿಲ್ಲದೆ ಜಾರುತ್ತದೆ, ಇಎಸ್‌ಪಿ ಬ್ರೇಕ್ ಹಾಕುತ್ತದೆ. ಚಾಲಕರಿಗೆ ಇದು ಕಾರಣವಿಲ್ಲದ ಬ್ರೇಕಿನಂತೆ ಕಾಣುತ್ತದೆ, ವಾಸ್ತವದಲ್ಲಿ ಇಎಸ್‌ಪಿ ತನ್ನ ಕೆಲಸವನ್ನೇ ಮಾಡಿರುತ್ತದೆ. ಇದಕ್ಕೆ ಕುಮ್ಮಕ್ಕು ಕೊಡುವ ಇನ್ನೊಂದು ಅಂಶವೂ ಇದೆ. ನಿಮ್ಮ ಕಾರಿನ ಮುಂಭಾಗದ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ) ವ್ಯವಸ್ಥೆಯಲ್ಲಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಹೀಗಾಗಿ ತಗ್ಗಿಸಿದ ಕಾರು ಅದೇ ಸ್ಪ್ರಿಂಗ್‌ನಲ್ಲಿ ಇನ್ನೂ ಹೆಚ್ಚು ವಾಲಬಯಸುತ್ತದೆ. ಗಡುಸು ಸ್ಪ್ರಿಂಗ್ ಬೇಕಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಸ್ಪ್ರಿಂಗ್ ಒಂದನ್ನೇ ಕೊಳ್ಳದೆ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಮತ್ತು ಬಂಪ್ ಸ್ಟಾಪ್ ಸಹಿತ ಒಂದೇ ತಯಾರಕರ ಪೂರ್ಣ ಸೆಟ್ ಕೊಳ್ಳಿ.

ಎರಡನೆಯದು ವೀಲ್ ಅಲೈನ್‌ಮೆಂಟ್. ತಗ್ಗಿಸಿದ ಕ್ವಾಟ್ರೋದ ಹಿಂದಿನ ಚಕ್ರಗಳ ತಲೆ ಒಳಕ್ಕೆ ವಾಲಿ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ. ಅಳತೆಯೊಳಗೆ ತರಲು ಹೊಂದಿಸಬಹುದಾದ ಹಿಂದಿನ ಆರ್ಮ್‌ಗಳು (ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳು) ಬೇಕಾಗಬಹುದು. ಅಲೈನ್‌ಮೆಂಟ್ ಮುಗಿದ ಮೇಲೆ ಸ್ಟಿಯರಿಂಗ್ ಕೋನದ ಸೆನ್ಸರಿಗೆ ಶೂನ್ಯ ಸ್ಥಾನವನ್ನು ಹೊಸದಾಗಿ ತಿಳಿಸಲೇಬೇಕು. ಕಾರು ನೇರ ಹೋಗುವಾಗ ಸ್ಟಿಯರಿಂಗ್ ಕೆಲವು ಡಿಗ್ರಿ ಓರೆಯಾಗಿದ್ದರೆ ಇಎಸ್‌ಪಿ ಅದನ್ನು ತಿರುವೆಂದು ಭಾವಿಸೀತು, ಇಲ್ಲವೇ ಎಚ್ಚರಿಕೆ ದೀಪ ಹೊತ್ತಿಸಿ ಕೆಲಸ ನಿಲ್ಲಿಸೀತು.

ನಿಮ್ಮ ಕಾರಿನ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಅದರ ಚರಿತ್ರೆಯೇ ಕಾರಣ. 1998ರಲ್ಲಿ ಬಂದ ಟಿಟಿ ಕಾರುಗಳು ಜರ್ಮನಿಯ ಹೆದ್ದಾರಿಯಾದ ಆಟೋಬಾನ್‌ನಲ್ಲಿ ಅತಿವೇಗದಲ್ಲಿ ಥಟ್ಟನೆ ಪಥ ಬದಲಿಸುವಾಗ ಹಿಡಿತ ತಪ್ಪಿ ಸಾವುನೋವಿನ ಅಪಘಾತಗಳಾದವು. ಅನಂತರ ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿ ಸಸ್ಪೆನ್ಷನ್ ಮಾರ್ಪಡಿಸಿ, ಹಿಂದಿನ ಡಿಕ್ಕಿ ಬಾಗಿಲಿನ ಅಂಚಿಗೆ ಸ್ಪಾಯ್ಲರ್ (ಅತಿವೇಗದಲ್ಲಿ ಗಾಳಿಯಿಂದ ಹಿಂಭಾಗ ಮೇಲೇಳದಂತೆ ತಡೆಯುವ ಪಟ್ಟಿ) ಕೂಡಿಸಿತು. ಇಎಸ್‌ಪಿಯೂ ಆಗಲೇ ಬಂತು. ಆ ತಿದ್ದುಪಡಿಗಳು ನಿಮ್ಮ ಕಾರಿನಲ್ಲಿವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮುಂಭಾಗವನ್ನಷ್ಟೇ ಹೆಚ್ಚು ತಗ್ಗಿಸುವ ಸೆಟ್ ಬೇಡ. ಹಿಂಭಾಗ ಹಗುರವಾಗುವುದೇ ಈ ಕಾರಿನ ಹಳೆಯ ರೋಗ.

ಕೆಲಸ ಮುಗಿದ ಬಳಿಕ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಎಲ್ಲಿಯೂ ಉಜ್ಜುತ್ತಿಲ್ಲವೆಂದು ನೋಡಿ, ಹೆಡ್‌ಲೈಟಿನ ಎತ್ತರವನ್ನೂ ಹೊಂದಿಸಿ. ಸ್ಪ್ರಿಂಗಿನ ಜೊತೆ ಬರುವ ಪ್ರಮಾಣಪತ್ರಕ್ಕೆ ಅನುಗುಣವಾಗಿ ಟ್ಯೂಫ್‌ನಂಥ ಸಂಸ್ಥೆಯ ತಪಾಸಣೆ ಅಗತ್ಯವಿದ್ದರೆ ಅದನ್ನು ಮಾಡಿಸದೆ ರಸ್ತೆಗಿಳಿಯಬೇಡಿ.

ಪ್ರಶ್ನೆ: ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸಿಕೊಡುತ್ತೇನೆ ಎನ್ನುತ್ತಾರೆ ನಮ್ಮೂರ ಮೆಕ್ಯಾನಿಕ್. ಮಾಡಿಸಬಹುದೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದು ಜೋತಾಡಿದಾಗ ಸ್ಪ್ರಿಂಗ್ ಜಾರಿ ಹೊರಬರಬಹುದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. ಇದಲ್ಲದೆ, ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಕಟ್ಟಿದ ರಸ್ತೆ ಉಬ್ಬಿಗೇ 10 ಸೆಂ.ಮೀ. ಎತ್ತರವಿರುತ್ತದೆ, ಮಾನದಂಡ ನೋಡದೆ ಕಟ್ಟಿದವುಗಳ ಎತ್ತರ ನೀವು ದಿನವೂ ನೋಡುತ್ತಿದ್ದೀರಿ. ಕತ್ತರಿಸಿದ ಸ್ಪ್ರಿಂಗನ್ನು ಬೆಸೆದು ಮತ್ತೆ ಉದ್ದ ಮಾಡಲಾಗದು, ಹೊಸ ಜೋಡಿಯನ್ನೇ ಕೊಳ್ಳಬೇಕಾಗುತ್ತದೆ.