ಸಂಪರ್ಕ ಬಿಟ್ಟರೂ ಬೆನ್ನು ಬಿಡದ ಕಂಪನಿ

ಪ್ರಶ್ನೆ: ಎಂಟು ತಿಂಗಳ ಹಿಂದೆ ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡೆವು. ಅಂದಿನಿಂದ ಹಳೆಯ ಕಂಪನಿಯವರು ವಾರಕ್ಕೆ ಮೂರು ನಾಲ್ಕು ಸಲ ನನ್ನ ಮೊಬೈಲಿಗೆ ಕರೆ ಮಾಡುತ್ತಾರೆ. ‘ಮರಳಿ ಬನ್ನಿ, ಮೂರು ತಿಂಗಳು ಉಚಿತ’ ಎಂಬ ಪತ್ರಗಳು ನಮ್ಮ ಯಜಮಾನರ ಹೆಸರಿಗೆ ತಿಂಗಳು ತಪ್ಪದೆ ಬರುತ್ತವೆ. ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಮಧ್ಯಾಹ್ನ ಅವರು ಕಣ್ಣು ಮುಚ್ಚಿದ ಹೊತ್ತಿಗೇ ಫೋನು ಬಡಿದುಕೊಳ್ಳುತ್ತದೆ. ‘ನೋಡೋಣ, ಮನೆಯವರನ್ನು ಕೇಳಿ ಹೇಳುತ್ತೇನೆ’ ಎಂದು ಸಮಾಧಾನವಾಗಿಯೇ ಹೇಳಿ ನೋಡಿದೆ. ಡಿಎನ್‌ಡಿ (ಪ್ರಚಾರ ಕರೆಗಳು ಬೇಡವೆಂದು ಮಾಡಿಸುವ ನೋಂದಣಿ) ಹಾಕಿಸಿ ವರ್ಷವಾಯಿತು, ಅದರಿಂದಲೂ ಪ್ರಯೋಜನವಾಗಿಲ್ಲ. ಕರೆಗಳನ್ನು ನಿಲ್ಲಿಸುವುದು ಹೇಗೆ? ಪತ್ರಗಳನ್ನು ಹಿಂದಿರುಗಿಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಡಿಎನ್‌ಡಿ ಇದ್ದೂ ಕರೆಗಳು ಬರುತ್ತಿರುವುದಕ್ಕೆ ಕಾರಣವು ಬಹುಶಃ ನೀವು ಸಂಪರ್ಕ ಪಡೆದ ದಿನ ಸಹಿ ಹಾಕಿದ ಅರ್ಜಿಯಲ್ಲಿಯೇ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಡಿಎನ್‌ಡಿ ತಡೆಯುವುದು ನೀವು ಒಪ್ಪಿಗೆ ಕೊಡದವರ ಪ್ರಚಾರ ಕರೆಗಳನ್ನು ಮಾತ್ರ. ನೀವೇ ಒಪ್ಪಿಗೆ ಕೊಟ್ಟ ಕಂಪನಿಗೆ ಆ ತಡೆ ಅನ್ವಯಿಸುವುದಿಲ್ಲ. ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ಸಾಲೊಂದನ್ನು ನಿಜವಾದ ಒಪ್ಪಿಗೆ ಎನ್ನಲಾದೀತೇ ಎಂಬುದು ಬೇರೆಯೇ ಚರ್ಚೆ. ನನ್ನ ಅಭಿಪ್ರಾಯದಲ್ಲಿ ಅದು ಒಪ್ಪಿಗೆಯೇ ಅಲ್ಲ. ಆದರೆ ದೂರು ಹೋದಾಗ ಕಂಪನಿಯು ಅದನ್ನೇ ಗುರಾಣಿಯಾಗಿ ಹಿಡಿಯುತ್ತದೆ. ಆದ್ದರಿಂದ ಮೊದಲು ಆಗಬೇಕಾದ ಕೆಲಸವೆಂದರೆ, ಕೊಟ್ಟ ಒಪ್ಪಿಗೆಯನ್ನು ಬರಹದಲ್ಲಿ ಹಿಂದಕ್ಕೆ ಪಡೆಯುವುದು. ಬಾಯಿಮಾತಿನಲ್ಲಿ ‘ಬೇಡ’ ಎಂದದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಅದಕ್ಕೂ ಮುನ್ನ ಹಳೆಯ ಖಾತೆ ಕ್ರಮವಾಗಿ ಮುಚ್ಚಿದೆಯೇ ಎಂದು ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಹೊಸ ಸಂಪರ್ಕ ಬಂದ ಮೇಲೆ ಹಳೆಯದಕ್ಕೆ ಹಣ ಕಟ್ಟುವುದನ್ನು ನಿಲ್ಲಿಸುತ್ತಾರೆಯೇ ಹೊರತು ಅದನ್ನು ರದ್ದು ಮಾಡಿಸುವುದಿಲ್ಲ. ರೌಟರ್ ಅಟ್ಟದ ಮೇಲೆಯೇ ಉಳಿದಿರುತ್ತದೆ. ಅಂಥ ಸಂದರ್ಭದಲ್ಲಿ ಕಂಪನಿಯ ಪುಸ್ತಕದಲ್ಲಿ ನೀವು ಇನ್ನೂ ಗ್ರಾಹಕರೇ ಆಗಿರುತ್ತೀರಿ ಮತ್ತು ಬಾಕಿಯ ನೆಪದಲ್ಲಿ ನಿಮಗೆ ಕರೆ ಮಾಡಲು ಅವರಿಗೆ ದಾರಿ ತೆರೆದಿರುತ್ತದೆ. ರೌಟರ್ ಹಿಂದಿರುಗಿಸಿದ ರಸೀದಿ, ಠೇವಣಿ ಕೊಟ್ಟಿದ್ದರೆ ಅದರ ಮರುಪಾವತಿಯ ವಿವರ, ಯಾವ ಬಾಕಿಯೂ ಇಲ್ಲವೆಂಬ ಪತ್ರ, ಈ ಮೂರೂ ನಿಮ್ಮ ಬಳಿ ಇಲ್ಲವಾದರೆ ಮೊದಲು ಅವನ್ನು ಕೇಳಿ ಪಡೆಯಿರಿ.

ಅನಂತರ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಅದರದೇ ಪ್ರತಿಯನ್ನು ನೋಂದಾಯಿತ ಕಚೇರಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. (ಹಳೆಯ ರಿಜಿಸ್ಟರ್ಡ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ.) ಸಂಪರ್ಕವು ಯಜಮಾನರ ಹೆಸರಿನಲ್ಲಿ ಇದ್ದುದರಿಂದ ಪತ್ರಕ್ಕೆ ಅವರ ಸಹಿಯೇ ಇರಲಿ. ಒಕ್ಕಣೆ ಹೀಗಿದ್ದರೆ ಸಾಕು:

‘ನನ್ನ ಹೆಸರಿನಲ್ಲಿದ್ದ ಇಂಥ ಗ್ರಾಹಕ ಸಂಖ್ಯೆಯ ಸಂಪರ್ಕವು ಇಂಥ ದಿನಾಂಕದಂದು ರದ್ದಾಗಿದೆ, ಯಾವ ಬಾಕಿಯೂ ಇರುವುದಿಲ್ಲ. ಪ್ರಚಾರದ ಉದ್ದೇಶಕ್ಕಾಗಿ ಈ ಹಿಂದೆ ನೀಡಿರಬಹುದಾದ ಎಲ್ಲ ಒಪ್ಪಿಗೆಯನ್ನೂ ಈ ಮೂಲಕ ಹಿಂಪಡೆದಿದ್ದೇನೆ. ಈ ಕೆಳಗಿನ ದೂರವಾಣಿ ಸಂಖ್ಯೆಗಳಿಗೆ, ಇಮೇಲ್‌ಗೆ ಮತ್ತು ಮನೆಯ ವಿಳಾಸಕ್ಕೆ ನೀವಾಗಲಿ, ನಿಮ್ಮ ಪರವಾಗಿ ನಿಮ್ಮ ಡೀಲರುಗಳು ಮತ್ತು ಕಾಲ್ ಸೆಂಟರುಗಳಾಗಲಿ ಪ್ರಚಾರದ ಕರೆ, ಸಂದೇಶ, ಪತ್ರಗಳನ್ನು ಕಳುಹಿಸಕೂಡದು. ಕಾನೂನಿನ ಪ್ರಕಾರ ಉಳಿಸಿಕೊಳ್ಳಲೇಬೇಕಾದ ದಾಖಲೆಗಳನ್ನು ಬಿಟ್ಟು ನನ್ನ ಉಳಿದ ವಿವರಗಳನ್ನು ಅಳಿಸಿ, ಹಾಗೆ ಮಾಡಿದ್ದನ್ನು ಬರಹದಲ್ಲಿ ತಿಳಿಸಬೇಕು.’

ಡೀಲರುಗಳ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಬೇರೆ ಬೇರೆ ಸಂಖ್ಯೆಗಳಿಂದ ಕರೆ ಬರುತ್ತಿದ್ದರೆ ಹಳೆಯ ಗ್ರಾಹಕರ ಪಟ್ಟಿ ಹಲವರ ಕೈಯಲ್ಲಿದೆ ಎಂದು ಊಹಿಸಬಹುದು. ‘ಅದು ನಾವಲ್ಲ, ಡೀಲರು ಮಾಡಿದ್ದು’ ಎಂದು ಜಾರಿಕೊಳ್ಳಲು ಕಂಪನಿಗೆ ಅವಕಾಶ ಕೊಡಬಾರದು. ಒಪ್ಪಿಗೆಯನ್ನು ಹಿಂಪಡೆಯುವ, ವಿವರಗಳನ್ನು ಅಳಿಸಲು ಕೇಳುವ ಹಕ್ಕುಗಳನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸ್ಪಷ್ಟವಾಗಿ ಹೇಳಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಆದಕಾರಣ ಸದ್ಯಕ್ಕೆ ನಿಮ್ಮ ಬಲವಾದ ಆಸರೆ ಟ್ರಾಯ್ ನಿಯಮಾವಳಿಯೇ.

ಪತ್ರ ಹೋದ ಮೇಲೆ ನಿಮ್ಮ ಡಿಎನ್‌ಡಿ ಪೂರ್ಣ ತಡೆಯೋ ಅಥವಾ ಭಾಗಶಃ ತಡೆಯೋ ಎಂದು ಡಿಎನ್‌ಡಿಗೆಂದೇ ಇರುವ 1909 ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ. ಬ್ಯಾಂಕು, ನಿವೇಶನ, ಶಿಕ್ಷಣ ಎಂದು ವಿಭಾಗಗಳನ್ನು ಆರಿಸಿ ತಡೆಯುವ ಅವಕಾಶವಿರುವುದರಿಂದ ಸಂಪರ್ಕ ಸೇವೆಗಳ ವಿಭಾಗ ತೆರೆದೇ ಉಳಿದಿರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಎಲ್ಲ ವಿಭಾಗಗಳೂ ಮುಚ್ಚುತ್ತವೆ. ಪ್ರಚಾರ ಸಂದೇಶಗಳಲ್ಲಿ ‘ಇನ್ನು ಬೇಡ’ ಎನ್ನುವ ಆಯ್ಕೆ ಇರಲೇಬೇಕೆಂದು ಟ್ರಾಯ್ ನಿಯಮಾವಳಿಗೆ 2025ರ ಫೆಬ್ರುವರಿಯಲ್ಲಿ ಬಂದ ತಿದ್ದುಪಡಿ ವಿಧಿಸಿದೆ. ನೀವು ಹಾಗೆ ಹೊರಬಂದ ಮೇಲೆ 90 ದಿನಗಳವರೆಗೆ ಅವರು ಮತ್ತೆ ಒಪ್ಪಿಗೆ ಕೇಳುವಂತಿಲ್ಲ.

ಇಷ್ಟಾದರೂ ಕರೆ ಬಂದರೆ, ದಯವಿಟ್ಟು ‘ನೋಡೋಣ’ ಎನ್ನಬೇಡಿ. ಎದುರಿನವರ ಮನಸ್ಸು ನೋಯಬಾರದೆಂದು ನಾವೆಲ್ಲ ಆಡುವ ಮಾತು ಅದು. ಆದರೆ ಕಾಲ್ ಸೆಂಟರಿನ ಪಟ್ಟಿಯಲ್ಲಿ ಅದಕ್ಕೆ ‘ಆಸಕ್ತಿಯಿದೆ, ಮತ್ತೆ ಕರೆ ಮಾಡಿ’ ಎಂಬ ಅರ್ಥವೇ ಬರುವ ಸಂಭವ ಹೆಚ್ಚು. ಬಯ್ಯುವ ಅಗತ್ಯವೂ ಇಲ್ಲ, ಆ ಹುಡುಗ ಹುಡುಗಿಯರು ಹೊಟ್ಟೆಪಾಡಿಗೆ ಕೂತವರು. ಯಾವ ಕಂಪನಿಯ ಪರವಾಗಿ ಮಾತನಾಡುತ್ತಿದ್ದೀರಿ ಎಂದು ಕೇಳಿ, ‘ಒಪ್ಪಿಗೆ ಹಿಂಪಡೆದಿದ್ದೇನೆ, ಈ ಕರೆಯ ಬಗ್ಗೆ ದೂರು ಕೊಡುತ್ತೇನೆ’ ಎಂದು ಹೇಳಿ ಮುಗಿಸಿ. ಅಂದೇ 1909ಕ್ಕೆ, ಕರೆಯ ಸಾರಾಂಶ, ಕರೆ ಬಂದ ಸಂಖ್ಯೆ, ದಿನಾಂಕ ಬರೆದು ಸಂದೇಶ ಕಳುಹಿಸಿ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿಯೂ ದೂರು ಕೊಡಬಹುದು. ಮೊದಲು ಮೂರು ದಿನಗಳೊಳಗೆ ದೂರಬೇಕಿತ್ತು, ಈಗ ಏಳು ದಿನಗಳ ಅವಕಾಶವಿದೆ. ನೋಂದಣಿಯಿಲ್ಲದೆ ಸಾಮಾನ್ಯ ಹತ್ತಂಕಿಯ ಸಂಖ್ಯೆಗಳಿಂದ ಪ್ರಚಾರ ಮಾಡುವವರ ಮೇಲೆ 5 ದಿನಗಳೊಳಗೆ ಕ್ರಮ ಜರುಗಬೇಕು. 10 ದಿನಗಳಲ್ಲಿ ಅಂಥ ಒಬ್ಬರ ವಿರುದ್ಧ 5 ದೂರುಗಳು ಬಂದರೆ ಕ್ರಮಕ್ಕೆ ಅಷ್ಟೇ ಸಾಕು. ನಿಮ್ಮದು ಒಂದೇ ದೂರಾದರೂ ಕೊಡಿ ಎನ್ನುವುದು ಇದಕ್ಕಾಗಿಯೇ: ಅದೇ ಸಂಖ್ಯೆಯಿಂದ ಕಿರಿಕಿರಿ ಅನುಭವಿಸಿದ ಇನ್ನೂ ನಾಲ್ವರು ಬೇರೆ ಊರುಗಳಲ್ಲಿ ಇರಬಹುದು. ಬರಿದೇ ಬ್ಲಾಕ್ ಮಾಡಿದರೆ ನಿಮ್ಮ ಫೋನಿಗೆ ಮಾತ್ರ ಬಿಡುವು ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಮಾತ್ರ 1909ರಿಂದ ಉಪಯೋಗವಿಲ್ಲ, ಅಲ್ಲಿಯೇ ವರದಿ ಮಾಡಿ ತಡೆಯಬೇಕು. ಠೇವಣಿ ಹಿಂದಿರುಗಿಸುತ್ತೇವೆಂದು ಹೇಳಿ ಒಟಿಪಿ ಕೇಳುವ ಕರೆಯು ಪ್ರಚಾರವಲ್ಲ, ವಂಚನೆ. ಅದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಪತ್ರಗಳ ವಿಷಯ. ಅಂಚೆಯಲ್ಲಿ ಬರುವ ಪ್ರಚಾರ ಪತ್ರಗಳನ್ನು ತಡೆಯಲು ಡಿಎನ್‌ಡಿಯಂಥ ಪಟ್ಟಿ ನಮ್ಮಲ್ಲಿಲ್ಲ, ಹೀಗಾಗಿ ಮೇಲಿನ ಪತ್ರವೇ ಇಲ್ಲಿಯೂ ಆಧಾರ. ಒಡೆಯದ ಲಕೋಟೆಯ ಮೇಲೆ ‘ನಿರಾಕರಿಸಲಾಗಿದೆ’ ಎಂದು ಬರೆದು ಅಂಚೆಯಣ್ಣನಿಗೆ ಮರಳಿಸಬಹುದು. ಆದರೆ ಸಾಮಾನ್ಯ ಅಂಚೆಯ ಜಾಹೀರಾತಿಗೆ ಮಾತ್ರ ಹೀಗೆ ಮಾಡಿ. ಸಹಿ ಹಾಕಿಸಿಕೊಂಡು ಕೊಡುವ ಪತ್ರವನ್ನು ಎಂದಿಗೂ ನಿರಾಕರಿಸಬೇಡಿ. ಅದು ಬಾಕಿಯ ಕುರಿತ ವಕೀಲರ ನೋಟಿಸ್ ಆಗಿದ್ದರೆ, ನಿರಾಕರಿಸಿದರೂ ತಲುಪಿದಂತೆಯೇ ಎಂದು ನ್ಯಾಯಾಲಯಗಳು ಪರಿಗಣಿಸುತ್ತವೆ.

ಕಂಪನಿ ನಿಮ್ಮ ಪತ್ರಕ್ಕೆ ಉತ್ತರವನ್ನೇ ಕೊಡದಿದ್ದರೆ, ಅದರ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ ಪಡೆಯಿರಿ. ಅಲ್ಲಿಯೂ ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದು 39 ದಿನಗಳೊಳಗೆ ತೀರ್ಮಾನ ನೀಡಬೇಕು, ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿಯೂ ದೂರು ಕೊಡಬಹುದು. ಅಲ್ಲಿಯವರೆಗೆ, ಮಧ್ಯಾಹ್ನ ಯಜಮಾನರು ಮಲಗುವ ಹೊತ್ತಿನಲ್ಲಿ ಮನೆಯವರ ಮತ್ತು ವೈದ್ಯರ ಸಂಖ್ಯೆಗಳಿಂದ ಬರುವ ಕರೆ ಮಾತ್ರ ಸದ್ದು ಮಾಡುವಂತೆ ನಿಮ್ಮ ಮೊಬೈಲಿನಲ್ಲಿಯೇ ಹೊಂದಿಸಿಕೊಳ್ಳಬಹುದು.